ಗಾಳಿಯನ್ನು ತೂಗಿದ ಐಫೆಲ್

ಗುಸ್ತಾವ್ ಐಫೆಲ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಪ್ಯಾರಿಸಿನ ಕಬ್ಬಿಣದ ಗೋಪುರ. ಆತನ ಬಾಳಿನಲ್ಲಿ ನನ್ನನ್ನು ಹೆಚ್ಚಾಗಿ ಸೆಳೆದಿರುವುದು, ಕಟ್ಟುವ ಕೆಲಸವನ್ನೇ ಬಿಟ್ಟ ಮೇಲೆ ಆತನು ಕಳೆದ ಮೂವತ್ತು ವರ್ಷಗಳು.

1832ರಲ್ಲಿ ಫ್ರಾನ್ಸಿನ ದಿಜೋನ್ ನಗರದಲ್ಲಿ ಹುಟ್ಟಿದ ಐಫೆಲ್ ಸೇತುವೆಗಳಿಂದ ಹೆಸರಾದವನು. ಗಾರಾಬಿಯ ಕಮಾನು ಸೇತುವೆ, ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಒಳಗಿನ ಕಬ್ಬಿಣದ ಹಂದರ, 1889ರ 300 ಮೀಟರ್ ಎತ್ತರದ ಗೋಪುರ—ಎಲ್ಲೆಡೆಯೂ ಆತನಿಗೆ ಎದುರಾದ ಹಗೆ ಗಾಳಿ. ಅದರ ಬಲವೆಷ್ಟೆಂಬುದು ಅಂದಿನ ಎಂಜಿನಿಯರರಿಗೆ ಬಹುಮಟ್ಟಿಗೆ ಅಂದಾಜಿನ ಮಾತಾಗಿತ್ತು.

ಕೀರ್ತಿಯ ಬೆನ್ನಿಗೇ ಅಪಕೀರ್ತಿ ಬಂದಿತು. ಪನಾಮಾ ಕಾಲುವೆಯ ಕಂಪನಿ ದಿವಾಳಿಯಾಗಿ, ಅದರ ಗುತ್ತಿಗೆದಾರನಾಗಿದ್ದ ಐಫೆಲ್ಲನಿಗೆ 1893ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೊಕದ್ದಮೆಯ ಕಾಲಮಿತಿ ಮೀರಿತ್ತೆಂದು ಮೇಲಿನ ನ್ಯಾಯಾಲಯ ಅದೇ ವರ್ಷ ತೀರ್ಪನ್ನು ರದ್ದುಪಡಿಸಿತು. ಆದರೆ ಹೆಸರಿಗೆ ಬಿದ್ದ ಮಸಿ ಅಷ್ಟು ಬೇಗ ಅಳಿಯುವಂಥದಲ್ಲ. ಅರವತ್ತು ತುಂಬಿದ್ದ ಆತನು ವ್ಯವಹಾರದಿಂದ ಹಿಂದೆ ಸರಿದು, ತನ್ನ ಹಳೆಯ ಹಗೆಯನ್ನೇ ಅಭ್ಯಾಸಕ್ಕೆ ಆರಿಸಿಕೊಂಡನು.

ಗೋಪುರಕ್ಕಿದ್ದ ಅನುಮತಿ ಇಪ್ಪತ್ತೇ ವರ್ಷದ್ದು. ಅದು ವಿಜ್ಞಾನಕ್ಕೆ ಉಪಯುಕ್ತವೆಂದು ತೋರಿಸಿಕೊಡುವುದೂ ಅಗತ್ಯವಾಗಿತ್ತು. ಎರಡನೆಯ ಅಂತಸ್ತಿನಿಂದ ತಂತಿಯಗುಂಟ ಫಲಕಗಳನ್ನು ಬೀಳಿಸಿ ಗಾಳಿಯ ತಡೆಯನ್ನು ಅಳೆದನು. 1909ರಲ್ಲಿ ಗೋಪುರದ ಬುಡದಲ್ಲೇ ಗಾಳಿಸುರಂಗವೊಂದನ್ನು ಕಟ್ಟಿದನು. 1912ರಲ್ಲಿ ಅದು ಓತೇಯ್ ಬಡಾವಣೆಗೆ ಹೋಯಿತು. ವಿಮಾನವನ್ನು ಎತ್ತಿಹಿಡಿಯುವುದರಲ್ಲಿ ರೆಕ್ಕೆಯ ಕೆಳಗಿನ ಒತ್ತಡಕ್ಕಿಂತ ಮೇಲ್ಮೈಯ ಸೆಳೆತದ ಪಾಲೇ ದೊಡ್ಡದೆಂದು ಅಳೆದು ತೋರಿಸಿದನು. ವೇಗವು ಒಂದು ಮಿತಿಯನ್ನು ದಾಟಿದೊಡನೆ ಗೋಳದ ಮೇಲಿನ ತಡೆ ಥಟ್ಟನೆ ಕುಸಿಯುವ ವಿಚಿತ್ರವನ್ನೂ ಕಂಡನು. 1914ರಲ್ಲಿ ಅದರ ಕಾರಣವನ್ನು ವಿವರಿಸಿದವನು ಜರ್ಮನಿಯ ಪ್ರಾಂಟ್ಲ್.

ಸುರಂಗದಲ್ಲಿ ಮಾದರಿಯನ್ನು ಹಿಡಿದು ನಿಲ್ಲಿಸಲು ಒಂದು ಕಂಬಿ ಬೇಕು. ಗಾಳಿ ಕಂಬಿಗೂ ಬಡಿಯುತ್ತದೆ. ಕಂಬಿಯೊಂದರ ತಡೆಯನ್ನೇ ಬೇರೆಯಾಗಿ ಅಳೆದು ಮೊತ್ತದಿಂದ ಕಳೆಯಬಹುದು. ಆದರೆ ಕಂಬಿಯ ದೆಸೆಯಿಂದ ಮಾದರಿಯ ಸುತ್ತ ಗಾಳಿಯ ಹರಿವೇ ಕದಡುತ್ತದೆ. ಅದು ಬರಿಯ ವ್ಯವಕಲನಕ್ಕೆ ಸಿಕ್ಕದು. ಐಫೆಲ್ 1923ರಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಈ ತೊಡಕು ಹಾಗೆಯೇ ಉಳಿದಿತ್ತು.

ಅದನ್ನು ಬಿಡಿಸುವ ದಾರಿ ಆತನ ನಾಡಿನಲ್ಲೇ ತೆರೆಯಿತು. ಸ್ಥಿರವಾದ ಅಯಸ್ಕಾಂತಗಳಷ್ಟರಿಂದಲೇ ಇನ್ನೊಂದು ಅಯಸ್ಕಾಂತವನ್ನು ಗಾಳಿಯಲ್ಲಿ ಅಲುಗದಂತೆ ನಿಲ್ಲಿಸಲಾಗದೆಂದು ಇಂಗ್ಲೆಂಡಿನ ಅರ್ನ್‌ಷಾ 1842ರಲ್ಲೇ ಸಾಧಿಸಿದ್ದನು. 1957ರಲ್ಲಿ ಫ್ರಾನ್ಸಿನ ಓನೆರಾ ಸಂಸ್ಥೆಯ ಟೂರ್ನಿಯೇ ಮತ್ತು ಲೋರಾಂಸೋ, ಕಂಬಿಯಿಲ್ಲದೆ ಮಾದರಿಯನ್ನು ಸುರಂಗದಲ್ಲಿ ತೇಲಿಸಿದ ಬಗೆಯನ್ನು ಪ್ರಕಟಿಸಿದರು. ಸುತ್ತಲೂ ವಿದ್ಯುತ್ಕಾಂತಗಳು, ಮಾದರಿ ಕೂದಲೆಳೆಯಷ್ಟು ಸರಿದರೂ ಬೆಳಕಿನ ಕಿರಣ ಅದನ್ನು ಕಂಡುಹಿಡಿಯುತ್ತದೆ, ಒಡನೆಯೇ ವಿದ್ಯುತ್ ಪ್ರವಾಹ ಹೆಚ್ಚಿಯೋ ತಗ್ಗಿಯೋ ಅದನ್ನು ಸ್ವಸ್ಥಾನಕ್ಕೆ ತರುತ್ತದೆ. ಹಿಡಿದಿಡಲು ಬೇಕಾದ ಪ್ರವಾಹವೇ ಗಾಳಿಯ ಬಲದ ಲೆಕ್ಕವನ್ನೂ ಕೊಡುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯಿಂದ, ಐಫೆಲ್ಲನನ್ನು ಬೆರಗುಗೊಳಿಸಿದ ಗೋಳವನ್ನೇ ತೇಲಿಸಿ ಅಳೆದಿದ್ದಾರೆ.

ಓತೇಯ್‌ನ ಪ್ರಯೋಗಶಾಲೆ ಇಂದಿಗೂ ನಿಂತಿದೆ. ಅವಮಾನಕ್ಕೆ ಉತ್ತರವಾಗಿ ವಾದವನ್ನು ಬೆಳೆಸದೆ, ಮುಪ್ಪಿನಲ್ಲಿ ಹೊಸ ವಿದ್ಯೆಯೊಂದಕ್ಕೆ ತಳಹದಿ ಹಾಕಿದವನ ಸ್ಮಾರಕವೆಂದು ನಾನು ಗೋಪುರಕ್ಕಿಂತ ಮೊದಲು ಅದನ್ನು ನೆನೆಯುತ್ತೇನೆ.