ಅಂದಂದಿನ ಅನ್ನಕ್ಕೆ ದೇವರನ್ನು ನಂಬಿದ ಪಂಡಿತಾ ರಮಾಬಾಯಿ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ದೌಂಡ್ ಜಂಕ್ಷನ್ನಿಗಿಂತ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವಿದೆ. ಮುಂಬಯಿ-ಪುಣೆಗಳಿಂದ ಕಲಬುರಗಿಯತ್ತ ಊರಿಗೆ ಹೋಗಿಬರುವ ನಮ್ಮವರಲ್ಲಿ ಅನೇಕರು ಈ ಹೆಸರನ್ನು ಕಿಟಕಿಯಿಂದ ಓದಿ ಮುಂದೆ ಸಾಗಿರುತ್ತಾರೆ. ಅನಾಥ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಆಸರೆಯಾದ ‘ಮುಕ್ತಿ’ ಎಂಬ ಸಂಸ್ಥೆ ಇರುವುದು ಇಲ್ಲಿಯೇ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರನ್ನು ಚರಿತ್ರೆಯು ಮಹಾರಾಷ್ಟ್ರದ ಸಮಾಜ ಸುಧಾರಕಿ ಎಂದು ಗುರುತಿಸುತ್ತದೆ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಎಂಬುದನ್ನು ನಾವು ಮರೆಯುವಂತಿಲ್ಲ.

ಕ್ರೈಸ್ತರ ಮನೆಗಳಲ್ಲಿ ‘ದೇವರ ಚಿತ್ತ’ ಎಂಬ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ. ಬೇರೆ ಮನೆಗಳಲ್ಲಿ ಅದನ್ನೇ ‘ದೇವರು ಇಟ್ಟ ಹಾಗೆ’ ಎನ್ನುತ್ತೇವೆ. ಈ ಮಾತಿನ ನಿಜವಾದ ಅರ್ಥವೇನು? ಬಂದದ್ದನ್ನು ಸಹಿಸಿಕೊಂಡು ಸುಮ್ಮನೆ ಕುಳಿತಿರುವುದೇ? ರಮಾಬಾಯಿಯವರ ಬದುಕು ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಡುತ್ತದೆ.

ಕಾರ್ಕಳದ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೂ ಸಂಸ್ಕೃತ ಕಲಿಯುವ ಅರ್ಹತೆಯಿದೆ ಎಂಬುದು ಅವರ ನಿಲುವು. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ವಿದ್ವಾಂಸರ ಮುಂದೆ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ವಿರೋಧದಿಂದ ದೂರ ಸರಿದು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದ ಈ ದಂಪತಿಗಳಿಗೆ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಮಗಳಿಗೆ ಪುರಾಣಗಳನ್ನು ಬಾಯಿಪಾಠ ಮಾಡಿಸಿದವರು ತಾಯಿಯೇ.

ಮಗು ತೀರ ಚಿಕ್ಕದಾಗಿದ್ದಾಗಲೇ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಾ ಪುರಾಣ ಹೇಳುವುದೇ ಅವರ ಜೀವನೋಪಾಯವಾಯಿತು. ಕೈಯಲ್ಲಿದ್ದ ಹಣವೆಲ್ಲ ದಾನಧರ್ಮಗಳಲ್ಲಿ ಕರಗಿಹೋಯಿತು. ಕ್ಷಾಮ ಬಂದಾಗ ತಿನ್ನಲು ಕಾಡಿನ ಎಲೆಗಳೇ ಗತಿಯಾದವು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳುಗಳಲ್ಲಿ ತಾಯಿಯೂ ಅಕ್ಕನೂ ಹೋದರು. ಉಳಿದವರು ಹದಿನಾರು ವರ್ಷದ ರಮಾ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಇಷ್ಟೆಲ್ಲ ವ್ರತ, ಪೂಜೆ, ದಾನಗಳ ನಂತರವೂ ದೇವರು ಏಕೆ ಕೇಳಲಿಲ್ಲ ಎಂಬ ಪ್ರಶ್ನೆಯು ಆಕೆಯ ಮನಸ್ಸಿನಲ್ಲಿ ಅಂದೇ ಬೇರೂರಿತು. ಮುಂದೆ ದೇವರನ್ನು ಸಂಪೂರ್ಣವಾಗಿ ನಂಬಿದ ಈಕೆ, ಮೊದಲು ನಂಬಿಕೆಯನ್ನು ಕಳೆದುಕೊಂಡವರು ಎಂಬುದನ್ನು ನಾವು ಗಮನಿಸಬೇಕು.

ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಅಲ್ಲಿನ ವಿದ್ವಾಂಸರು ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧವಿ ಎಂಬ ಬಂಗಾಳಿ ವಕೀಲರೊಡನೆ ರಮಾಬಾಯಿಯವರ ವಿವಾಹವಾಯಿತು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರ ಆರಂಭದಲ್ಲಿ ಕಾಲರಾ ರೋಗವು ಪತಿಯನ್ನು ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ಅವರು ಕೈಗೂಸಿನೊಡನೆ ಒಂಟಿಯಾದರು.

ಪುಣೆಗೆ ಬಂದು ‘ಆರ್ಯ ಮಹಿಳಾ ಸಮಾಜ’ವನ್ನು ಆರಂಭಿಸಿದ ಅವರು, ವೈದ್ಯಶಾಸ್ತ್ರ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ದಾರಿ ಮುಚ್ಚಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅವರಿಗೆ ಆಶ್ರಯ ದೊರೆತಿತ್ತು. ಸಮಾಜವು ಪತಿತೆಯರೆಂದು ದೂರವಿಟ್ಟ ಹೆಣ್ಣುಮಕ್ಕಳನ್ನು ಆ ಸನ್ಯಾಸಿನಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದುದು ರಮಾಬಾಯಿಯವರ ಮನಸ್ಸನ್ನು ಗೆದ್ದಿತು. ಅದೇ ವರ್ಷ ಅವರು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಆದರೆ ಗುರುಹಿರಿಯರು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಆಶ್ರಯ ಕೊಟ್ಟವರೊಡನೆಯೇ ಧರ್ಮತತ್ತ್ವಗಳ ಬಗ್ಗೆ ವಾದಿಸಿದರು. ದೇವರಿಗೆ ಶರಣಾಗುವುದೂ ಮನುಷ್ಯರ ಅಧಿಕಾರಕ್ಕೆ ತಲೆಬಾಗುವುದೂ ಒಂದೇ ಅಲ್ಲವೆಂಬ ವಿವೇಕ ಅವರಿಗಿತ್ತು.

1886ರಲ್ಲಿ ಅಮೆರಿಕಕ್ಕೆ ತೆರಳಿ, ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಅಲ್ಲಿನ ಸಹೃದಯರ ನೆರವಿನೊಂದಿಗೆ ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ಆರಂಭವಾಯಿತು. ಅಲ್ಲಿ ಮೊದಲಿಗೆ ಸೇರಿದ ವಿಧವೆಯರಲ್ಲಿ ಗೋದೂಬಾಯಿಯೂ ಒಬ್ಬರು. ಮುಂದೆ 1893ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಕೈಹಿಡಿದದ್ದು ಇವರನ್ನೇ.

1890ರಲ್ಲಿ ಸದನವು ಪುಣೆಗೆ ಸ್ಥಳಾಂತರಗೊಂಡಿತು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಇಷ್ಟವಿದ್ದ ಹುಡುಗಿಯರು ಬಂದು ಕೂರುತ್ತಿದ್ದರು. ಇದು ಮತಾಂತರದ ದಾರಿ ಎಂಬ ಕೋಪ ಊರಿನಲ್ಲಿ ಹುಟ್ಟಿತು. 1893ರಲ್ಲಿ ರಾನಡೆ, ಭಂಡಾರ್ಕರರಂತಹ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ತಮ್ಮ ಮಕ್ಕಳ ಧರ್ಮದ ಬಗ್ಗೆ ಪೋಷಕರಿಗಿದ್ದ ಆತಂಕವು ಸಹಜವಾದುದೇ. ರಮಾಬಾಯಿಯವರೂ ತಮ್ಮ ನಂಬಿಕೆಯನ್ನು ಮುಚ್ಚಿಟ್ಟು ಬದುಕಲು ಒಪ್ಪಲಿಲ್ಲ.

ಈ ಹೊತ್ತಿಗೆ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನೆಯ ಬಲದಿಂದಲೇ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಿದ್ದರು. ಇಂಗ್ಲೆಂಡಿನಲ್ಲಿ ಸಾಧ್ಯವಾದದ್ದು ಭಾರತದ ನೆಲದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ಯೋಚನೆ ಅವರನ್ನು ಹಿಡಿಯಿತು. ಅಮೆರಿಕದ ನೆರವು ಹತ್ತು ವರ್ಷಗಳ ಅವಧಿಗೆ ಮಾತ್ರ ಎಂಬುದು ತಿಳಿದಿದ್ದರಿಂದ, ಸ್ವಾವಲಂಬನೆಗೆಂದು ಕೇಡಗಾಂವಿನಲ್ಲಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿಸಿದರು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ. ಹಸಿವಿನ ಅರ್ಥವನ್ನು ಬಾಲ್ಯದಲ್ಲೇ ಅರಿತಿದ್ದ ರಮಾಬಾಯಿಯವರು ಸ್ವತಃ ಅಲ್ಲಿಗೆ ಹೋಗಿ, ಬೀದಿಪಾಲಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ನಗರದಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಬೇರೆ ದಾರಿ ಕಾಣದೆ ಕೇಡಗಾಂವಿನ ಹೊಲದಲ್ಲಿಯೇ ತಾತ್ಕಾಲಿಕ ವಸತಿ ಹೂಡಿದರು. ‘ಮುಕ್ತಿ’ ಹುಟ್ಟಿದ್ದು ಹೀಗೆ. 1900ರ ಗುಜರಾತದ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು.

ಇಷ್ಟು ಜನರ ಊಟಕ್ಕೆ ನಿಶ್ಚಿತವಾದ ವರಮಾನವಿರಲಿಲ್ಲ. ದಾನಿಗಳಿಂದ ಎಷ್ಟು ಬರುವುದೋ, ಯಾವಾಗ ಬರುವುದೋ ಯಾರೂ ಹೇಳುವಂತಿರಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನದ ಆಹಾರವನ್ನು ಮಾತ್ರ. ಅದನ್ನು ಅಕ್ಷರಶಃ ಬದುಕಿದ ಮನೆ ಇದು. ಬರಗಾಲದಲ್ಲಿ ಸಂಜೆಗೆ ಬರಿದಾಗುತ್ತಿದ್ದ ಬಾವಿಗಳಲ್ಲಿ ಬೆಳಗಾಗುವಷ್ಟರಲ್ಲಿ ಅಂದಿಗೆ ಸಾಕಾಗುವಷ್ಟು ನೀರು ಊರುತ್ತಿತ್ತೆಂದು ಮುಕ್ತಿಯವರು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆದರೆ ಆ ಬಾವಿಗಳನ್ನು ತೋಡಿಸಿದವರು ರಮಾಬಾಯಿಯವರೇ ಅಲ್ಲವೇ? ಪ್ರಾರ್ಥನೆಯ ಜೊತೆಗೆ ಅಲ್ಲಿ ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ಬೇಸಾಯ, ಮುದ್ರಣ ಎಲ್ಲವೂ ನಡೆದಿದ್ದವು. ಅಂಧ ಬಾಲಕಿಯರು ಬ್ರೈಲ್ ಲಿಪಿ ಕಲಿತರು. ಮುಚ್ಚಿದ ಬಾಗಿಲನ್ನು ದೇವರ ಚಿತ್ತವೆಂದು ಒಪ್ಪಿಕೊಂಡ ಕೈಗಳೇ ಮರುಕ್ಷಣ ಗುದ್ದಲಿ ಹಿಡಿಯುತ್ತಿದ್ದವು.

ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲ್ ಇರಬೇಕೆಂದು, ಹೀಬ್ರೂ-ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ ಅನುವಾದಕ್ಕೆ ಕುಳಿತರು. ಮುದ್ರಣವೂ ಮುಕ್ತಿಯ ಮಹಿಳೆಯರದೇ. ಮಗಳು ಮನೋರಮಾ ಎಲ್ಲದರಲ್ಲೂ ಬಲಗೈಯಾಗಿದ್ದರು. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ತಾಯಿ ಆರಂಭಿಸಿದ ಶಾಲೆಯ ಹೊಣೆಯನ್ನೂ ಹೊತ್ತಿದ್ದರು. ತನ್ನ ನಂತರ ಎಲ್ಲವನ್ನೂ ಅವಳೇ ನಡೆಸುವಳೆಂದು ತಾಯಿ ನಂಬಿದ್ದರು. ಆದರೆ 1921ರ ಜುಲೈ 24ರಂದು, ನಲವತ್ತರ ಹರೆಯದಲ್ಲಿ, ಮನೋರಮಾ ಮೀರಜಿನಲ್ಲಿ ನಿಧನರಾದರು.

ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಕೊನೆಗೆ ಒಬ್ಬಳೇ ಮಗಳು. ಹದಿನಾರರಲ್ಲಿ ದೇವರನ್ನು ಪ್ರಶ್ನಿಸಿದ ಹುಡುಗಿ ಅರವತ್ತಮೂರರಲ್ಲಿ ಏನು ಮಾಡಿದರು? ಮುಕ್ತಿಯ ಹೊಣೆಗೆ ಬೇರೆಯವರನ್ನು ಗೊತ್ತುಮಾಡಿ, ಬೈಬಲಿನ ಕರಡಚ್ಚು ತಿದ್ದುವ ಕೆಲಸವನ್ನು ಮುಂದುವರಿಸಿದರು. ಮಗಳು ಹೋದ ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ಅವರೂ ಕಣ್ಮುಚ್ಚಿದರು. ಅವರ ಸಂಪೂರ್ಣ ಮರಾಠಿ ಬೈಬಲ್ 1924ರಲ್ಲಿ ಹೊರಬಂದಿತು. 1989ರಲ್ಲಿ ಭಾರತ ಸರಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಪರ ಊರಿನಲ್ಲಿ ಮನೆ ಮಾಡಿರುವ ನಮಗೆಲ್ಲ ನಾಳೆಯ ಚಿಂತೆ ತಪ್ಪಿದ್ದಲ್ಲ. ಮಕ್ಕಳ ಓದು, ಹಿರಿಯರ ಆರೋಗ್ಯ, ನೌಕರಿಯ ಏರುಪೇರು ಒಂದಲ್ಲ ಒಂದು ಇದ್ದೇ ಇರುತ್ತದೆ. ಯಾವ ಧರ್ಮದ ಮನೆಯೇ ಆಗಲಿ, ರಮಾಬಾಯಿಯವರ ಬದುಕಿನಿಂದ ಪಡೆಯಬಹುದಾದದ್ದು ಇದು: ನಾಳೆಯನ್ನು ದೇವರಿಗೆ ಬಿಟ್ಟವರಿಗೆ ಇಂದಿನ ಕೆಲಸವನ್ನು ಬಿಡುವ ಹಕ್ಕಿಲ್ಲ. ಇಂದಿನ ಕೆಲಸವನ್ನು ಮನಸಾರೆ ಮಾಡಿದವರಿಗೆ ನಾಳೆಯ ಭಾರ ಸ್ವಲ್ಪ ಹಗುರಾಗುತ್ತದೆ.