ಯುದ್ಧದ ಹೆಸರು ಪ್ರಾರ್ಥನೆಯ ಹೆಸರಾಯಿತು: ಸಂತ ಹನ್ನಿಬಾಲ್ ಮರಿಯ ದಿ ಫ್ರಾಂಚಾ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲೂಕುಗಳಲ್ಲಿ ರೇಷ್ಮೆ ಸಾಕುವ ಮನೆಗಳು ಬಹಳ. ಹುಳು ನಾಲ್ಕು ಜ್ವರ ಕಳೆದು, ಸೊಪ್ಪು ತಿಂದು ತಿಂದು ಕೊನೆಗೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ತಡಮಾಡದೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ಕಂಡ ಕಂಡಲ್ಲಿ ನೂಲು ಬಿಟ್ಟು ರೇಷ್ಮೆ ವ್ಯರ್ಥವಾಗುತ್ತದೆ. ಒಂದು ತಿಂಗಳ ದುಡಿಮೆ ಒಂದೆರಡು ದಿನಗಳಲ್ಲಿ ಹಾಳು. ಹಾಗಾಗಿ ಆ ದಿನ ಮನೆಮಂದಿ ಮಾತ್ರ ಸಾಲದು. ಆಳು ಬೇಕು, ನೆರೆಯವರು ಬೇಕು. ಬೆಳೆ ಬಂದು ನಿಂತಿದೆ, ಕೈಗಳಿಲ್ಲ ಎಂಬ ಸಂಕಟ ಏನೆಂದು ಅಲ್ಲಿನ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ.

ಯೇಸುಸ್ವಾಮಿಯವರಿಗೂ ಇದೇ ಸಂಕಟವಿತ್ತು. ಕುರುಬನಿಲ್ಲದ ಕುರಿಗಳಂತಿದ್ದ ಜನರನ್ನು ಕಂಡು ಮರುಗಿದ ಅವರು, ಬೆಳೆ ಹೇರಳವಾಗಿದೆ, ಕೆಲಸಗಾರರು ವಿರಳ, ಆದ್ದರಿಂದ ಬೆಳೆಯ ಯಜಮಾನನನ್ನು ಬೇಡಿಕೊಳ್ಳಿ ಎಂದು ಶಿಷ್ಯರಿಗೆ ಹೇಳಿದ್ದನ್ನು ಸಂತ ಮತ್ತಾಯ ಮತ್ತು ಸಂತ ಲೂಕ ಇಬ್ಬರೂ ಬರೆದಿದ್ದಾರೆ. ಶುಭಸಂದೇಶದ ಈ ಒಂದು ಮಾತಿಗಾಗಿಯೇ ಇಡೀ ಬದುಕನ್ನು ಮುಡಿಪಾಗಿಟ್ಟ ಗುರುವೊಬ್ಬರು ಇಟಲಿಯಲ್ಲಿದ್ದರು. ಅವರ ಹೆಸರು ಹನ್ನಿಬಾಲ್. ಸಂತರ ಪಟ್ಟಿಯಲ್ಲಿ ಅಪರೂಪವಾಗಿ ಕಾಣುವ ಹೆಸರು ಇದು.

ಹೆಸರಿನ ಹಿನ್ನೆಲೆ

ಹನ್ನಿಬಾಲ್ ಎಂಬುದು ಕ್ರೈಸ್ತ ಹೆಸರಲ್ಲ. ಅದು ಆಫ್ರಿಕದ ಉತ್ತರ ಕರಾವಳಿಯಲ್ಲಿ, ಇಂದಿನ ಟುನೀಷಿಯಾದಲ್ಲಿದ್ದ ಕಾರ್ಥೇಜ್ ನಗರದವರ ಹೆಸರು. ಆ ನಗರ ಕಟ್ಟಿದವರು ಬೈಬಲಿನಲ್ಲಿ ನಾವು ಓದುವ ತೂರ್ ಪಟ್ಟಣದ ಕಡೆಯಿಂದ ಹಡಗೇರಿ ಹೋದವರು. ಅವರ ದೇವರು ಬಾಳ್. ಪ್ರವಾದಿ ಎಲೀಯನು ಕಾರ್ಮೆಲ್ ಬೆಟ್ಟದಲ್ಲಿ ಎದುರಿಸಿದ್ದು ಬಾಳ್ ದೇವರ ಪೂಜಾರಿಗಳನ್ನೇ. ಹನ್ನಿಬಾಲ್ ಎಂದರೆ ಬಾಳ್ ಕೃಪೆ ತೋರಿದ್ದಾನೆ ಎಂದರ್ಥ.

ಆದರೆ ಇದೇ ಹೆಸರಿನ ಮೊದಲರ್ಧ ನಮ್ಮ ಮನೆಗಳಲ್ಲೂ ಇದೆ. ಕೃಪೆ ಎಂಬ ಅರ್ಥದ ಅದೇ ಮೂಲದಿಂದ ಸಮುವೇಲನ ತಾಯಿ ಹನ್ನಳ ಹೆಸರು ಬಂತು, ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರ ಹೆಸರು ಬಂತು, ದೇವರು ಕೃಪೆ ತೋರಿದ್ದಾರೆ ಎಂಬ ಅರ್ಥದ ಯೊವಾನ್ನ ಎಂಬ ಹೆಸರೂ ಬಂತು. ಕರಾವಳಿಯ ಜುವಾಂವ್, ಜೋನ್, ಆನ್ನಾ ಎಲ್ಲರೂ ಈ ಲೆಕ್ಕದಲ್ಲಿ ಹನ್ನಿಬಾಲನ ದೂರದ ಬಂಧುಗಳೇ.

ಈ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದವನು ಕ್ರಿಸ್ತಪೂರ್ವ 247ರಲ್ಲಿ ಹುಟ್ಟಿದ ಸೇನಾಪತಿ ಹನ್ನಿಬಾಲ್. ಒಂಬತ್ತರ ವಯಸ್ಸಿನಲ್ಲಿ ತಂದೆಯ ಮಾತಿನಂತೆ ರೋಮಿಗೆ ಎಂದೂ ಮಿತ್ರನಾಗುವುದಿಲ್ಲ ಎಂದು ಆಣೆ ಇಟ್ಟವನು. ಕ್ರಿಸ್ತಪೂರ್ವ 218ರಲ್ಲಿ ಆನೆಗಳ ಸಮೇತ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಇಳಿದ. ಅವನ ಆನೆಗಳ ಮಾವುತರನ್ನು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಇಂಡಿಯನ್ನರು ಎಂದೇ ಕರೆದಿದ್ದಾನೆ. 216ರಲ್ಲಿ ಕಾನ್ನೆ ಎಂಬಲ್ಲಿ ರೋಮನ್ನರ ದೊಡ್ಡ ಸೈನ್ಯವನ್ನು ನುಚ್ಚುನೂರು ಮಾಡಿದ. 202ರಲ್ಲಿ ಜಾಮಾ ಎಂಬಲ್ಲಿ ಸೋತ. ಕೊನೆಗೆ ಶತ್ರುಗಳ ಕೈಗೆ ಸಿಕ್ಕಿಬೀಳದಿರಲು ಪರದೇಶದಲ್ಲಿ ವಿಷ ಕುಡಿದು ಸತ್ತ.

ಮುಂದೆ ಇಟಲಿಯವರೇ ತಮ್ಮ ಹಳೆಯ ವೈರಿಯ ಹೆಸರನ್ನು ಮಕ್ಕಳಿಗೆ ಇಟ್ಟರು. ಚಿತ್ರಕಾರ ಅನ್ನಿಬಾಲೆ ಕರಾಚ್ಚಿ (1560-1609) ಅವರಲ್ಲೊಬ್ಬರು. ಅಮೆರಿಕದಲ್ಲಿ ಅಬ್ರಹಾಂ ಲಿಂಕನರ ಮೊದಲ ಅವಧಿಯ ಉಪಾಧ್ಯಕ್ಷರು ಹನ್ನಿಬಾಲ್ ಹ್ಯಾಮ್ಲಿನ್. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾವಿಧಿಯ ಸುಧಾರಣೆಯ ಕೆಲಸದಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದವರು ಅನ್ನಿಬಾಲೆ ಬುನ್ಯಿನಿ (1912-1982). ನಾವು ಬಲಿಪೂಜೆಯನ್ನು ಲ್ಯಾಟಿನ್ ಬದಲಿಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ ಕೇಳುವಂತಾದ ಆ ಬದಲಾವಣೆಯ ಹಿಂದೆ ಅವರ ದುಡಿಮೆಯೂ ಇದೆ. ಆದರೆ ಈ ಹೆಸರನ್ನು ಬಲಿಪೀಠದ ಗೌರವಕ್ಕೆ ಏರಿಸಿದವರು ಮೆಸ್ಸೀನಾದ ಒಬ್ಬ ಗುರು.

ಬಾಲ್ಯ ಮತ್ತು ಕರೆ

ಮೆಸ್ಸೀನಾ ಇಟಲಿಯ ಸಿಸಿಲಿ ದ್ವೀಪದ ಬಂದರು ಪಟ್ಟಣ. ಕ್ರಿಸ್ತಪೂರ್ವ 264ರಲ್ಲಿ ರೋಮ್ ಮತ್ತು ಕಾರ್ಥೇಜ್ ನಡುವಿನ ಮೊದಲ ಮಹಾಯುದ್ಧ ಶುರುವಾದದ್ದು ಇದೇ ಊರಿಗಾಗಿ. ಅಲ್ಲಿ 1851ರ ಜುಲೈ 5ರಂದು ಅನ್ನಿಬಾಲೆ ಮರಿಯ ದಿ ಫ್ರಾಂಚಾ ಹುಟ್ಟಿದರು. ತಂದೆ ಫ್ರಾನ್ಸೆಸ್ಕೊ, ತಾಯಿ ಅನ್ನಾ ತೊಸ್ಕಾನೊ, ಇಬ್ಬರೂ ಶ್ರೀಮಂತ ಮನೆತನದವರು. ನಾಲ್ವರು ಮಕ್ಕಳಲ್ಲಿ ಇವರು ಮೂರನೆಯವರು. ಮಗುವಿಗೆ ಹದಿನೈದು ತಿಂಗಳಾದಾಗ ತಂದೆ ತೀರಿಕೊಂಡರು. ತಂದೆಯಿಲ್ಲದ ಮಗುವಿನ ನೋವು ಏನೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಸುಮಾರು ಹದಿನೇಳರ ಪ್ರಾಯದಲ್ಲಿ ಮೆಸ್ಸೀನಾದ ಸಂತ ಯೊವಾನ್ನರ ಇಗರ್ಜಿಯಲ್ಲಿ ಆರಾಧನೆಗೆ ಇಟ್ಟ ಪರಮಪ್ರಸಾದದ ಮುಂದೆ ಮೊಣಕಾಲೂರಿದ್ದಾಗ ಅವರ ಮನಸ್ಸಿಗೆ ಒಂದು ವಿಚಾರ ಹೊಳೆಯಿತು. ಲೋಕದಲ್ಲಿ ಒಳ್ಳೆಯ ಕೆಲಸಗಳು ಸಾವಿರ ಇವೆ, ಅವುಗಳನ್ನು ಮಾಡುವ ಜನರನ್ನು ಕಳುಹಿಸಬೇಕಾದವರು ದೇವರು, ಹಾಗಾದರೆ ಮೊದಲು ಮಾಡಬೇಕಾದದ್ದು ಅವರನ್ನು ಬೇಡುವುದಲ್ಲವೇ ಎಂದು. ಶುಭಸಂದೇಶದಲ್ಲಿ ಇದೇ ಅಪ್ಪಣೆ ಇದೆ ಎಂಬುದು ಅವರ ಗಮನಕ್ಕೆ ಬಂದದ್ದು ಆಮೇಲೆ. ಬೇಡಿಕೊಳ್ಳಿ ಎಂಬುದಕ್ಕೆ ಲ್ಯಾಟಿನ್ ಬೈಬಲಿನಲ್ಲಿರುವ ಪದ ರೊಗಾತೆ. ಆ ಒಂದು ಪದವೇ ಅವರ ಬದುಕಿನ ಗುರಿಯಾಯಿತು. 1869ರ ಡಿಸೆಂಬರ್ 8ರಂದು ಅವರು ಗುರುಮಠದ ನಿಲುವಂಗಿ ತೊಟ್ಟರು. 1878ರ ಮಾರ್ಚ್ 16ರಂದು ಗುರುದೀಕ್ಷೆ ಪಡೆದರು.

ಅವಿನ್ಯೋನೆ ಕೇರಿ

ಗುರುದೀಕ್ಷೆಗೆ ಕೆಲವು ತಿಂಗಳು ಮೊದಲು ಬೀದಿಯಲ್ಲಿ ಒಬ್ಬ ಕುರುಡ ಭಿಕ್ಷುಕ ಅವರಿಗೆ ಎದುರಾದ. ಹೆಸರು ಫ್ರಾನ್ಸೆಸ್ಕೊ ಜಾಂಕೊನೆ. ನಾಣ್ಯ ಕೊಟ್ಟು ಮುಂದೆ ಹೋಗದೆ ಅವನು ಎಲ್ಲಿ ಇರುತ್ತಾನೆ, ಜಪ ಬರುತ್ತದೆಯೇ ಎಂದು ವಿಚಾರಿಸಿದರು, ಅವನ ಮನೆಗೂ ಹೋದರು. ಅದು ಅವಿನ್ಯೋನೆ ಕೇರಿ. ಒಂದೊಂದೇ ಕೋಣೆಯ ಸಾಲು ಗುಡಿಸಲುಗಳು, ಕೊಳಚೆ, ಹಸಿವು, ಬೀದಿಪಾಲಾದ ಮಕ್ಕಳು. ಊರಿನ ಮರ್ಯಾದಸ್ಥರು ಆ ಕಡೆ ಕಾಲಿಡುತ್ತಿರಲಿಲ್ಲ.

ಇಷ್ಟು ವರ್ಷ ಕೆಲಸಗಾರರನ್ನು ಕಳುಹಿಸು ಎಂದು ಬೇಡುತ್ತಿದ್ದ ಯುವಕನಿಗೆ ಇಲ್ಲಿ ಬೆಳೆಯೇ ಕಣ್ಣೆದುರು ಕಂಡಿತು, ಕೆಲಸಗಾರ ಮಾತ್ರ ಇರಲಿಲ್ಲ. ಅವರು ತಾವೇ ಇಳಿದರು. ಆಗಿನ ಆರ್ಚ್‌ಬಿಷಪ್ ಜುಸೆಪ್ಪೆ ಗುವಾರಿನೊ ಅವರ ಆಶೀರ್ವಾದವೂ ದೊರೆಯಿತು. ಕವಿಯಾಗಿ, ಪ್ರಸಂಗಕಾರರಾಗಿ ಹೆಸರು ಮಾಡಬಹುದಾಗಿದ್ದ ಶ್ರೀಮಂತ ಮನೆತನದ ಗುರು ಈ ಕೇರಿಯಲ್ಲಿ ಕೊಳೆಯುವುದೇಕೆ ಎಂದು ಆಡಿಕೊಂಡವರಿದ್ದರು. ಮನೆಯ ಸ್ವತ್ತು ಕರಗಿತು, ಸಾಲ ಬೆಳೆಯಿತು. ಅವರು ಹಿಂದೆಗೆಯಲಿಲ್ಲ.

1882ರಲ್ಲಿ ಹೆಣ್ಣುಮಕ್ಕಳ ಅನಾಥಾಲಯ, ಮರುವರ್ಷ ಗಂಡುಮಕ್ಕಳದು ಆರಂಭವಾದವು. ಊಟ, ಬಟ್ಟೆ ಕೊಟ್ಟರೆ ಸಾಲದು, ಕೈಕಸುಬು ಕಲಿತು ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ನಿಲುವು. 1886ರ ಜುಲೈ 1ರಂದು ಕೇರಿಯ ಪುಟ್ಟ ಪ್ರಾರ್ಥನಾಲಯದಲ್ಲಿ ಪರಮಪ್ರಸಾದವನ್ನು ನೆಲೆಗೊಳಿಸಿದರು. ಅದಕ್ಕಾಗಿ ಬಡವರನ್ನೂ ಮಕ್ಕಳನ್ನೂ ಬಹುಕಾಲ ಅಣಿಗೊಳಿಸಿದ್ದರು. ಯೇಸುಸ್ವಾಮಿ ತಮ್ಮ ಕೇರಿಗೇ ವಾಸಕ್ಕೆ ಬಂದರು ಎಂದು ಆ ಜನ ತಿಳಿದರು. ಅವರ ಸಂಸ್ಥೆಗಳಲ್ಲಿ ಇಂದಿಗೂ ಆ ದಿನವನ್ನು ಆಚರಿಸುತ್ತಾರೆ.

1887ರಲ್ಲಿ ಮೆಸ್ಸೀನಾಕ್ಕೆ ಕಾಲರಾ ಬಡಿಯಿತು. ಒಬ್ಬ ವಿಧವೆ, ತನ್ನ ಮನೆಮಂದಿ ಉಳಿದರೆ ಅನಾಥ ಮಕ್ಕಳ ರೊಟ್ಟಿಗೆ ಹಣ ಕೊಡುವುದಾಗಿ ಪಾದುವಾದ ಸಂತ ಅಂತೋನಿಯವರಿಗೆ ಹರಕೆ ಹೇಳಿ, ಅದನ್ನು ತೀರಿಸಿದರು. ಹೀಗೆ ಅನಾಥಾಲಯಗಳಿಗೆ ಸಂತ ಅಂತೋನಿಯವರ ಹೆಸರೇ ಬಂತು. ಮಂಗಳವಾರ ಸಂತ ಅಂತೋನಿಯವರ ನೊವೆನಾಕ್ಕೆ ಹೋಗುವ ನಮ್ಮ ಜನರಿಗೆ ಈ ರೊಟ್ಟಿಯ ಕಾಣಿಕೆ ಪರಿಚಿತವೇ.

ಎರಡು ಸಭೆಗಳು, ಒಂದು ಭೂಕಂಪ

ಮಕ್ಕಳನ್ನು ನೋಡಿಕೊಳ್ಳಲೂ ಕೆಲಸಗಾರರು ಬೇಕಿತ್ತು. 1887ರ ಮಾರ್ಚ್ 19ರಂದು ಧರ್ಮಭಗಿನಿಯರ ಸಭೆ, 1897ರ ಮೇ 16ರಂದು ಗುರುಗಳ ಮತ್ತು ಸಹೋದರರ ರೊಗಾಷನಿಸ್ಟ್ ಸಭೆ ಹುಟ್ಟಿದವು. ಧರ್ಮಭಗಿನಿಯರ ಸಭೆಗೆ ದೈವಿಕ ಉತ್ಸಾಹದ ಪುತ್ರಿಯರು ಎಂದು ಹೆಸರು. ಬಡತನ, ವಿಧೇಯತೆ, ಪಾವಿತ್ರ್ಯ ಎಂಬ ಮೂರು ವ್ರತಗಳ ಜೊತೆಗೆ ಇವರಿಗೆ ನಾಲ್ಕನೆಯದೊಂದು ಉಂಟು: ಒಳ್ಳೆಯ ಕೆಲಸಗಾರರಿಗಾಗಿ ದಿನವೂ ಬೇಡುವುದು, ಈ ಬೇಡಿಕೆಯನ್ನು ಎಲ್ಲೆಡೆ ಹರಡುವುದು ಮತ್ತು ತಾವೂ ಒಳ್ಳೆಯ ಕೆಲಸಗಾರರಾಗಿರುವುದು. ಭಗಿನಿಯರ ಸಭೆ ಮುಚ್ಚುವ ಸ್ಥಿತಿಗೆ ಬಂದಾಗ ಲಾ ಸಲೆತ್ತ್‌ನಲ್ಲಿ ಮಾತೆ ಮರಿಯಮ್ಮನವರ ದರ್ಶನ ಪಡೆದ ಮೆಲಾನಿ ಕಲ್ವಾ ಬಂದು ಸುಮಾರು ಒಂದು ವರ್ಷ (1897-98) ಮುನ್ನಡೆಸಿದರು. ಆಮೇಲೆ ಮದರ್ ಮರಿಯ ನಜರೇನಾ ಮಯೋನೆ ಜವಾಬ್ದಾರಿ ಹೊತ್ತು ಸಭೆಯನ್ನು ಬೆಳೆಸಿದರು.

1908ರ ಡಿಸೆಂಬರ್ 28, ಕ್ರಿಸ್ಮಸ್ ಕಳೆದು ಮೂರನೇ ದಿನ. ಬೆಳಗಿನ ಜಾವ ಭೂಮಿ ನಡುಗಿತು, ಹಿಂದೆಯೇ ಕಡಲು ಉಕ್ಕಿ ಬಂತು. ಮೆಸ್ಸೀನಾ ಮತ್ತು ಎದುರು ದಡದ ರೆಜ್ಜೊ ನೆಲಸಮವಾದವು. ಸತ್ತವರು 75,000ಕ್ಕೂ ಹೆಚ್ಚು. ಫಾದರ್ ಹನ್ನಿಬಾಲರ ಭಗಿನಿಯರಲ್ಲಿ 13 ಮಂದಿ ಮಡಿದರು. ಮೂವತ್ತು ವರ್ಷಗಳಲ್ಲಿ ಕಟ್ಟಿದ್ದೆಲ್ಲ ಕಲ್ಲುಮಣ್ಣಿನ ರಾಶಿ. ಆಗ ಅವರ ವಯಸ್ಸು 57. ಅವರು ಮಕ್ಕಳನ್ನು ಕರೆದುಕೊಂಡು ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಒರಿಯಾ ಮತ್ತು ಫ್ರಾಂಕವಿಲ್ಲಾ ಫೊಂತಾನಾ ಊರುಗಳಲ್ಲಿ ಹೊಸದಾಗಿ ನೆಲೆ ಹುಡುಕಿದರು. ಹಾಗೆ ಮೆಸ್ಸೀನಾದ ಕೆಲಸ ಸಿಸಿಲಿಯ ಹೊರಗೂ ಹರಡಿತು. ಭೂಕಂಪದ ನಂತರ ಮೆಸ್ಸೀನಾದಲ್ಲಿ ಸೇವೆಗೆ ನಿಂತ ಫಾದರ್ ಲುಯಿಜಿ ಒರಿಯೋನೆ ಅವರ ಆಪ್ತರಾದರು.

ಊರೂರಿನ ಪ್ರಾರ್ಥನೆ

ತಮ್ಮ ಮಕ್ಕಳು, ಭಗಿನಿಯರು ಬೇಡಿದರೆ ಸಾಲದು, ಇಡೀ ಧರ್ಮಸಭೆ ಬೇಡಬೇಕು ಎಂಬುದು ಅವರ ಹಂಬಲ. 1897ರಲ್ಲಿ ಬಿಷಪರು ಮತ್ತು ಗುರುಗಳಿಗಾಗಿ ಒಂದು ಪ್ರಾರ್ಥನಾ ಒಕ್ಕೂಟ, 1900ರಲ್ಲಿ ಎಲ್ಲ ಭಕ್ತರಿಗಾಗಿ ಇನ್ನೊಂದನ್ನು ಆರಂಭಿಸಿದರು. ಬಿಷಪರಿಗೆ ಪತ್ರದ ಮೇಲೆ ಪತ್ರ ಬರೆದರು. ಸಂತರ ಲಿತನಿಯಲ್ಲಿ ಕೆಲಸಗಾರರಿಗಾಗಿ ಒಂದು ಬಿನ್ನಹ ಸೇರಬೇಕೆಂದು ಕೇಳಿಕೊಂಡರು. ಹತ್ತನೇ ಪಿಯುಸ್ ಅವರ ಸಂಸ್ಥೆಗಳಿಗೆ ಆ ಅನುಮತಿ ನೀಡಿದರು.

ಮೆಸ್ಸೀನಾದಲ್ಲಿ ಇದೇ ಪ್ರಾರ್ಥನೆಗೆ ಮೀಸಲಾದ ದೇವಾಲಯ 1926ರಲ್ಲಿ ಸಿದ್ಧವಾಯಿತು. ಮರುವರ್ಷ, 1927ರ ಜೂನ್ 1ರಂದು ಫಾದರ್ ಹನ್ನಿಬಾಲ್ ಕಣ್ಣುಮುಚ್ಚಿದರು. ಅವರ ದೇಹ ಅದೇ ದೇವಾಲಯದಲ್ಲಿದೆ.

1964ರಲ್ಲಿ ಆರನೇ ಪಾವ್ಲ್ ದೈವಕರೆಗಾಗಿ ವಿಶ್ವ ಪ್ರಾರ್ಥನಾ ದಿನವನ್ನು ಆರಂಭಿಸಿದರು. ಇಂದು ಪಾಸ್ಖ ಕಾಲದ ನಾಲ್ಕನೇ ಭಾನುವಾರ ನಾವು ಅದನ್ನು ಆಚರಿಸುತ್ತೇವೆ. ಫಾದರ್ ಹನ್ನಿಬಾಲರು ಬಯಸಿದ್ದು ಅವರು ತೀರಿಕೊಂಡು 37 ವರ್ಷಗಳ ನಂತರ ಕೈಗೂಡಿತು. ಪೋಪ್ ಎರಡನೇ ಜಾನ್ ಪಾವ್ಲ್ 1990ರ ಅಕ್ಟೋಬರ್ 7ರಂದು ಅವರನ್ನು ಪುನೀತರೆಂದೂ 2004ರ ಮೇ 16ರಂದು ಸಂತರೆಂದೂ ಘೋಷಿಸಿದರು. ಅದೇ ದಿನ, ಅದೇ ಬಲಿಪೂಜೆಯಲ್ಲಿ ಅವರ ಗೆಳೆಯ ಲುಯಿಜಿ ಒರಿಯೋನೆಯವರೂ ಸಂತರಾದರು. ಅವರು ಸ್ಥಾಪಿಸಿದ ಎರಡೂ ಸಭೆಗಳು ನಮ್ಮ ನೆರೆಯ ಕೇರಳದಲ್ಲಿ ಸೇವೆ ಮಾಡುತ್ತಿವೆ. ಸಂತರ ಹಬ್ಬ ಜೂನ್ 1.

ನಮಗೇನು?

ಚಿಕ್ಕಬಳ್ಳಾಪುರ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿದೆ. ಅಲ್ಲಿ ಕಥೋಲಿಕರು ವಿರಳ, ಊರುಗಳು ದೂರ ದೂರ. ಇಂತಹ ಬಯಲುಸೀಮೆಯ ಧರ್ಮಕೇಂದ್ರಗಳಿಗೆ, ಶಾಲೆ, ಆಸ್ಪತ್ರೆಗಳಿಗೆ ನಮ್ಮ ಕರಾವಳಿಯ ಮನೆಗಳಿಂದ ಎಷ್ಟೋ ಫಾದರ್‌ಗಳು, ಸಿಸ್ಟರ್‌ಗಳು ಹೋಗಿದ್ದಾರೆ. ಆಗ ಮನೆಯಲ್ಲಿ ಏಳೆಂಟು ಮಕ್ಕಳಿದ್ದರು. ಇಂದು ಒಬ್ಬರೋ ಇಬ್ಬರೋ, ಅವರೂ ಗಲ್ಫ್, ಕೆನಡಾ ಎಂದು ಹೊರಟಿದ್ದಾರೆ. ಗುರುಮಠಗಳಿಗೆ ಮಕ್ಕಳನ್ನು ಹುಡುಕುವ ಕಷ್ಟ ಧರ್ಮಕೇಂದ್ರಗಳ ಫಾದರ್‌ಗಳಿಗೆ ಗೊತ್ತು.

ದೈವಕರೆಯ ಭಾನುವಾರ ನಾವೆಲ್ಲ ಪ್ರಾರ್ಥಿಸುತ್ತೇವೆ. ಆದರೆ ಮನದೊಳಗೆ ಆ ಕರೆ ಪಕ್ಕದ ಮನೆಯ ಮಗನಿಗೆ ಬರಲಿ, ನಮ್ಮವನು ಎಂಜಿನಿಯರ್ ಆಗಲಿ ಎಂದು ಇರುತ್ತದೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಸಂತ ಹನ್ನಿಬಾಲರು ಕೆಲಸಗಾರರನ್ನು ಬೇಡುತ್ತಲೇ ಕೇರಿಗೆ ತಾವೇ ಹೋದರು. ಕ್ರೈಸ್ತೋಪದೇಶ ಹೇಳುವವರು, ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ವಾಳೆಯ ಗುರಿಕಾರರು, ರೋಗಿಗಳನ್ನು ಭೇಟಿಯಾಗುವ ಅಮ್ಮಂದಿರು, ಇವರೂ ಬೆಳೆಯ ಕೆಲಸಗಾರರೇ. ಶಿಡ್ಲಘಟ್ಟದ ರೈತನ ಮನೆಯಲ್ಲಿ ಹುಳು ಹಣ್ಣಾದ ದಿನ ಆಳನ್ನು ಕರೆಯಲು ಹೋದವನೂ ಹಿಂತಿರುಗಿ ಬಂದು ತಾನೂ ಕೈ ಹಾಕುತ್ತಾನೆ. ಬೇಡುವವರ ಕೈಯೂ ಕೆಲಸಕ್ಕೆ ಸಿದ್ಧವಿರಲಿ.

ಸಂತ ಹನ್ನಿಬಾಲ್ ಮರಿಯ, ನಮಗಾಗಿ ಪ್ರಾರ್ಥಿಸಿ.