ರೋಮಾ ರೋಲಾ

ರೋಮಾ ರೋಲಾ (೨೯ ಜನವರಿ ೧೮೬೬ – ೩೦ ಡಿಸೆಂಬರ್ ೧೯೪೪) ಫ್ರಾನ್ಸಿನ ಕಾದಂಬರಿಕಾರರು, ನಾಟಕಕಾರರು ಹಾಗೂ ಜೀವನಚರಿತ್ರಕಾರರು. ಇವರು ಕ್ಲಾಮ್ಸಿ ಎಂಬ ಊರಿನಲ್ಲಿ ಜನಿಸಿದರು.

ಪ್ಯಾರಿಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ರೋಲಾ ರಷ್ಯಾದ ಲೇಖಕ ಲಿಯೋ ಟಾಲ್‌ಸ್ಟಾಯ್ ಅವರ ಅಭಿಮಾನಿಯಾಗಿದ್ದರು. ತಮಗೆ ಪ್ರಾಣಪ್ರಿಯವಾದ ಕಲೆಯನ್ನೇ ಟಾಲ್‌ಸ್ಟಾಯ್ ಖಂಡಿಸಿದ್ದನ್ನು ಕಂಡು ಕಳವಳಗೊಂಡ ಅವರು ೧೮೮೭ರಲ್ಲಿ ಪತ್ರ ಬರೆದು ತಮ್ಮ ಸಂದೇಹಗಳನ್ನು ತೋಡಿಕೊಂಡರು. ಅಪರಿಚಿತ ತರುಣನಿಗೆ ಟಾಲ್‌ಸ್ಟಾಯ್ ಅದೇ ವರ್ಷ ಅಕ್ಟೋಬರಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಸುದೀರ್ಘ ಉತ್ತರ ಬರೆದರು. ಮನುಷ್ಯರನ್ನು ಒಂದುಗೂಡಿಸುವ ಕಲೆಗೆ ಮಾತ್ರ ಬೆಲೆಯುಂಟೆಂಬುದು ಅದರ ಸಾರ.

ರೋಲಾ ಸಂಗೀತವನ್ನು ಬಿಡಲಿಲ್ಲ. ಆ ಉತ್ತರದ ಋಣವನ್ನೂ ಮರೆಯಲಿಲ್ಲ. ಸಂಗೀತಗಾರನೊಬ್ಬನ ಬದುಕನ್ನು ಚಿತ್ರಿಸುವ 'ಜ್ಯಾಂ ಕ್ರಿಸ್ತೋಫ್' (೧೯೦೪–೧೯೧೨) ಅವರ ಪ್ರಸಿದ್ಧ ಕಾದಂಬರಿ. ೧೯೧೧ರಲ್ಲಿ ಟಾಲ್‌ಸ್ಟಾಯ್ ಅವರ, ೧೯೨೪ರಲ್ಲಿ ಗಾಂಧೀಜಿಯವರ ಜೀವನಚರಿತ್ರೆಗಳನ್ನು ಪ್ರಕಟಿಸಿದರು. ೧೯೧೫ನೆಯ ಸಾಲಿನ ಸಾಹಿತ್ಯದ ನೊಬೆಲ್ ಪ್ರಶಸ್ತಿ ಇವರಿಗೆ ಸಂದಿತು. ಪ್ರಸಿದ್ಧರಾದ ಮೇಲೆ ಅಪರಿಚಿತ ಓದುಗರ ಪತ್ರಗಳಿಗೆ ಉತ್ತರಿಸುವುದನ್ನು ತಾವೂ ಕರ್ತವ್ಯವೆಂದು ಭಾವಿಸಿ ನಡೆದುಕೊಂಡರು.